ನಾಲ್ಕೆಲೆ ಆಟ, ಇಪ್ಪತ್ತು ಸಾವಿರದ ಪಾಠ

ದಾಂಡೇಲಿ ಬಸ್ ಸ್ಟ್ಯಾಂಡಿನ ಹತ್ತಿರದ ಚಹಾದಂಗಡಿಯಲ್ಲಿ ಮೊನ್ನೆ ಸಂಜೆ ಒಂದು ವಿಚಿತ್ರ ಪಂಚಾಯಿತಿ ನಡೆಯಿತು. ವಾದಿ ಇಪ್ಪತ್ನಾಲ್ಕು ವಯಸ್ಸಿನ ಹುಡುಗ, ಹಳಿಯಾಳ ಕಡೆಯವ, ಇಲ್ಲಿ ಗುತ್ತಿಗೆ ಕೆಲಸ. ಪ್ರತಿವಾದಿ ಇಸ್ಪೀಟಿನ ನಾಲ್ಕು ಎಲೆ. ನ್ಯಾಯಾಧೀಶರು ನಮ್ಮ ಕಾಕಾ. ಕಾಗದದ ಕಾರ್ಖಾನೆಯಿಂದ ನಿವೃತ್ತರು, ರಮ್ಮಿಯಲ್ಲಿ ಪಳಗಿದ ಕೈ. ಚಹದ ದುಡ್ಡು ಕೊಟ್ಟವನು ಈ ಅಂಕಣದವನು.

ಸಂಗತಿ ಇಷ್ಟು. ಜೋಯಿಡಾ ತಾಲೂಕಿನ ರಾಮನಗರ, ಅನಮೋಡ ದಾಟಿದರೆ ಗೋವಾ. ಅಲ್ಲಿ ಪಣಜಿಯ ಮಾಂಡೋವಿ ಹೊಳೆಯಲ್ಲಿ ಜೂಜಿನ ಹಡಗುಗಳು. ಹುಡುಗ ಗೆಳೆಯರ ಸಂಗಡ ಹೋದ. ಕಿಸೆಯಲ್ಲಿ 20,000 ರೂಪಾಯಿ, ಧಾರವಾಡದಲ್ಲಿ ಓದುವ ತಂಗಿಯ ಹಾಸ್ಟೆಲ್ ಫೀ. ಬರುವಾಗ ಬಸ್ ಚಾರ್ಜಿಗೆ ಗೆಳೆಯನ ಸಾಲ.

"ಎರಡು ಎಕ್ಕಾ ಇದ್ವು ಕಾಕಾ! ಎಕ್ಕಾ ಹಿಡಕೊಂಡು ಹ್ಯಾಂಗ ಒಗೀಲಿ?" ಇದು ಅವನ ಅಳಲು.

ಆಟದ ಹೆಸರು ಒಮಾಹಾ, ಪೋಕರಿನ ಒಂದು ಜಾತಿ. ಕೈಗೆ ನಾಲ್ಕು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಮೊದಲು ಮೂರು ತೆರೆಯುತ್ತಾರೆ, ಆಮೇಲೆ ಒಂದು, ಕಡೆಗೆ ಒಂದು. ಕೈಯಿಂದ ಸರಿಯಾಗಿ ಎರಡೇ ಎಲೆ, ನಡುವಿನಿಂದ ಮೂರೇ ಎಲೆ ಸೇರಿಸಿ ಐದು ಮಾಡಬೇಕು. ಒಂದು ಸಲಕ್ಕೆ ಏರಿಸುವ ಪಣ ನಡುವೆ ಕೂಡಿದ ಹಣವನ್ನು ಮೀರಬಾರದು. ಮಿತಿ ಇದೆಯಲ್ಲ ಎಂದು ಸಮಾಧಾನಪಡಬೇಡಿ, ವಾಚಕರೇ. ನಡುವಿನ ಹಣ ಬೆಳೆದ ಹಾಗೆ ಮಿತಿಯೂ ಬೆಳೆಯುತ್ತದೆ.

ಹುಡುಗ ಬಸ್ ಟಿಕೇಟಿನ ಬೆನ್ನಿಗೆ ಬರೆದು ತೋರಿಸಿದ. ಕೈಯಲ್ಲಿ ಇಸ್ಪೇಟು ಎಕ್ಕಾ, ಡೈಮಂಡ್ ಎಕ್ಕಾ, ಕಳಾವರ 7, ಆಟೀನ್ 2. ನಡುವೆ ಬಿದ್ದದ್ದು ಆಟೀನ್ 9, ಕಳಾವರ 8, ಆಟೀನ್ 6. ಉಳಿದವರು ಮೂವರು, ತಲಾ 2,000 ಹಾಕಿ 6,000 ಕೂಡಿತ್ತು. ಎದುರಿನವ ಪೂರಾ 6,000 ಕಟ್ಟಿದ. ಮೂರನೆಯವ ಎಲೆ ಎಸೆದ. ಇವನು ಉಳಿದ 18,000ವನ್ನೂ ನೂಕಿದ. ಎದುರಿನವ ಬಿಚ್ಚಿದ್ದು 7 ಮತ್ತು 10. ಆರರಿಂದ ಹತ್ತರವರೆಗೆ ಸಾಲು ಆಗಲೇ ಕೂತಿತ್ತು!

ಒಮಾಹಾ ಎಂಬ ಹೆಸರನ್ನೇ ಕೇಳಿರದ ಕಾಕಾ ಟಿಕೇಟನ್ನು ಎರಡು ನಿಮಿಷ ನೋಡಿದರು.

"ನಿನ್ನ ಏಳು ಒಂಟಿ. ಜೋಡಿ ಐದರೆ ಇಲ್ಲ, ಹತ್ತರೆ ಇಲ್ಲ. ಆಟೀನ್ ಒಂದ ಐತಿ, ರಂಗು ಮಾಡಾಕ ಎರಡು ಬೇಕು. ಅಂದ್ರ ನಿನ್ನ ನಾಲ್ಕೆಲಿಯೊಳಗ ಕೆಲಸ ಮಾಡೂವು ಎರಡ. ಅವನ ನಾಲ್ಕೂ ದುಡೀತಾವು. ಹೌದಿಲ್ಲೋ?"

ಹುಡುಗ ಸುಮ್ಮನಾದ. "ಆದರ 6,000 ಕೊಟ್ಟು ಇನ್ನೊಂದ ಎಲಿ ನೋಡಬಹುದಿತ್ತಲ್ಲ?" ಎಂದು ನಾನು ಮೂಗು ತೂರಿಸಿದೆ. 12,000 ಇರುವಲ್ಲಿ 6,000 ಹಾಕಿದರೆ ಮೂರರಲ್ಲಿ ಒಂದು ಸಲ ಗೆದ್ದರೂ ಸರಿಹೋಗುತ್ತದೆ ಎಂಬ ಲೆಕ್ಕ ನನ್ನದು. ಕಾಕಾ ತಲೆಯಾಡಿಸಿದರು. ಹಾಗೆ ಹಾಕಿದರೆ ನಡುವೆ 18,000. ಮುಂದಿನ ಎಲೆಗೆ ಎದುರಿನವ ಅಷ್ಟನ್ನೂ ಕಟ್ಟಬಹುದು, ಇವನಲ್ಲಿ ಉಳಿದದ್ದು 12,000. "ಆರು ಸಾವಿರದ ಪ್ರಶ್ನಿ ಅಲ್ಲೋ ಅದು, ಹದಿನೆಂಟರದು. ಒಗೀಬೇಕಿತ್ತು. 2,000 ಹೋಗತಿತ್ತು, 18,000 ಮನೀಗೆ ಬರತಿತ್ತು."

ಆಮೇಲೆ ನನ್ನ ಕಡೆ ತಿರುಗಿದರು. ನಲವತ್ತು ವರುಷದ ಹಿಂದಿನ ದೀಪಾವಳಿಯ ನನ್ನ ಕೈ ಅವರಿಗೆ ಇನ್ನೂ ಬಾಯಿಪಾಠ. ನನ್ನ ಮದುವೆ ತಾರೀಖು ಮಾತ್ರ ನೆನಪಿಲ್ಲ! ಹದಿಮೂರೆಲೆಯ ರಮ್ಮಿ, ಪಾಯಿಂಟಿಗೆ ಹತ್ತು ಪೈಸೆ. ಒಂದೇ ಜೋಕರು. ಜೋಕರಿಲ್ಲದ ಸಾಲು, ಅಂದರೆ ಲೈಫು, ಒಂದೂ ಇಲ್ಲ. ಎಲೆ ಎಳೆಯುವ ಮೊದಲೇ ಡ್ರಾಪ್ ಅಂದರೆ 20 ಪಾಯಿಂಟು, ನಡುವೆ ಎದ್ದರೆ 40, ಸಿಕ್ಕಿಬಿದ್ದರೆ 80ರವರೆಗೆ. ನಾನು ಕೂತೆ. ಯಾಕೆಂದರೆ ಆಟೀನ್ 6-7, ಇಸ್ಪೇಟು 9-10, ಕಳಾವರ ರಾಣಿ-ರಾಜ ಹೀಗೆ ಮೂರು ಜೋಡಿ ಇದ್ದವು. ಎರಡು ಕಟ್ಟಿನ ಆಟ, ಲೈಫ್ ಆಗಲು ಹನ್ನೆರಡು ಎಲೆ ನನ್ನ ಪಾಲಿಗೆ. ಮೂರನೆಯ ಎಳೆತಕ್ಕೆ ಆಟೀನ್ 8 ಬಂತು. ಇಸ್ಪೇಟಿನ ಜೋಡಿಗೆ ಜೋಕರು ಕೂಡಿಸಿದೆ. ಎರಡು ಸಾಲು ರೆಡಿ! ಉಬ್ಬಿಹೋದೆ. ಆಟೀನ್ ರಾಜನನ್ನು ಒಗೆದೆ, ಪಕ್ಕದವರು ಎತ್ತಿಕೊಂಡರು. ಮುಂದಿನ ಸುತ್ತಿಗೆ ಆಟೀನ್ ಎಕ್ಕಾ ಒಗೆದೆ. ಅದನ್ನೂ ಎತ್ತಿ, ಒಂದು ಸುತ್ತು ಬಿಟ್ಟು ಶೋ ಅಂದರು. ನಾನು 37 ಕೊಟ್ಟೆ.

"ಅವತ್ತ ಇಂವಾ ಕೂತದ್ದು ತಪ್ಪಲ್ಲ," ಎಂದರು ಕಾಕಾ ಹುಡುಗನಿಗೆ. "ರಾಜನ್ನ ಎತ್ತಿದ್ದು ನೋಡಿನೂ ಎಕ್ಕಾ ಒಗದನಲ್ಲ, ಅದು ತಪ್ಪು. ಕೈಯಾಗ ಡೈಮಂಡ್ ಎಂಟು ಇತ್ತು. ಮೊದಲ ತೆರದ ಕಳಾವರ ಎಂಟನ್ನ ಯಾರೂ ಮುಟ್ಟಿರಲಿಲ್ಲ. ಅದನ್ನ ಒಗೀಬೇಕಿತ್ತು. ತನ್ನ ಎಲಿ ನೋಡಿ ಆಡೂದಲ್ಲ, ಪಕ್ಕದವನ ಕೈ ನೋಡಿ ಆಡೂದು."

ಅಂಗಡಿಯಲ್ಲಿ ಕೂತಿದ್ದ ಮುಂಡಗೋಡ ಕಾಲೊನಿಯ ಟಿಬೆಟಿ ಹಿರಿಯರೊಬ್ಬರು ನಕ್ಕರು. ಅವರಲ್ಲಿ ಶೋ ಎಂಬ ದಾಳದಾಟ ಉಂಟು. ಎರಡು ದಾಳವನ್ನು ಬಟ್ಟಲಲ್ಲಿ ಕುಲುಕಿ ಚರ್ಮದ ಗಾದಿಯ ಮೇಲೆ ಬಡಿಯುತ್ತಾರೆ. "ನಮ್ದು ದಾಳ ಬಿದ್ದಷ್ಟು ನಡೀಬೇಕು. ನಿಮ್ದು ಬಿಟ್ಟು ಏಳಬಹುದು, ಮತ್ತೆ ಯಾಕೆ ಏಳಲ್ಲ?" ಎಂದರು. ಉತ್ತರ ಯಾರ ಹತ್ತಿರವೂ ಇರಲಿಲ್ಲ.

ಕಾನೂನಿನ ಮಾತೂ ಬಂತು. ರಮ್ಮಿ ಮುಖ್ಯವಾಗಿ ಜಾಣತನದ ಆಟ, ಮೂರೆಲೆಯ ಆಟ ಹಾಗಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ್ದು 1968ರಲ್ಲಿ. ಮೊಬೈಲಿನಲ್ಲಿ ಹಣ ಕಟ್ಟಿ ಆಡುವುದಕ್ಕೆ ಕರ್ನಾಟಕ ಸರಕಾರ 2021ರಲ್ಲಿ ಪೊಲೀಸ್ ಕಾಯಿದೆ ತಿದ್ದಿ ತಡೆ ಹಾಕಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯನ್ನು ತೆಗೆದುಹಾಕಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಕಾಯಿದೆ ಮಾಡಿ, ಜಾಣತನವಿರಲಿ ದೈವವಿರಲಿ, ಆನ್‌ಲೈನ್ ಹಣದಾಟ ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ ಎಂದಿತು. ಗೋವಾದ ಹಡಗಿಗೆ ಅಲ್ಲಿನ ಸರಕಾರದ್ದೇ ಪರವಾನಗಿ. ಹಾಗಾಗಿ ಈ ಹುಡುಗನ ಹಣ ಹೋದದ್ದು ಕಾಯಿದೆ ಪ್ರಕಾರವೇ! ಠಾಣೆಗೆ ಹೋಗಿ ದೂರಲು ಏನೂ ಉಳಿದಿಲ್ಲ.

ಅಸಲು ವಿಷಯ ಕಡೆಗೆ ಹೊರಬಿತ್ತು. ಶನಿವಾರ ಮತ್ತೆ ಹೋಗುತ್ತಾನಂತೆ. ರಾಮನಗರದ ಗೆಳೆಯ 10,000 ಕೊಡುತ್ತಾನಂತೆ. ಆ ಕೈಯನ್ನು ಹೇಗೆ ಆಡಬೇಕಿತ್ತು ಎಂದು ಕೇಳಲು ಬಂದದ್ದೂ ಅದಕ್ಕೇ.

"ಅದೂ ಒಂದ ಕೈಯೇ ಮತ್ತ," ಎಂದರು ಕಾಕಾ. "ಫೀ ಕಟ್ಟಾಕ ಕಡೀ ದಿನ ಯಾವಾಗ?"

"ಇನ್ನ ಹದಿನಾರು ದಿನ ಐತ್ರಿ."

"ತಂಗೀಗೆ ಹೇಳಿಯೇನು?"

"ಇಲ್ರಿ."

"ಇವತ್ತ ರಾತ್ರಿ ಹೇಳು. ನಾಳೆ ಮುಂಜಾನೆ ಮನೀಗೆ ಬಾ. ಸೊಸೈಟ್ಯಾಗ ನಂದೊಂದು ಠೇವಣಿ ಐತಿ, ತಿಂಗಳಾ ತಿಂಗಳಾ ತೀರಸೂದಾದ್ರ ಮಾತಾಡೋಣು. ಬರೂವಾಗ ಪಗಾರ ಚೀಟಿ ತೊಗೊಂಡು ಬಾ."

ಹುಡುಗ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಟಿಕೇಟು ಮಡಚಿ ಕಿಸೆಗೆ ಹಾಕಿಕೊಂಡು ಎದ್ದ. ಸ್ಟ್ಯಾಂಡಿನಲ್ಲಿ ಎರಡು ಬಸ್ಸು ನಿಂತಿದ್ದವು, ಹಳಿಯಾಳದ್ದೊಂದು, ರಾಮನಗರದ್ದೊಂದು. ಹಳಿಯಾಳದ್ದನ್ನು ಹತ್ತಿದ.