ಹುಬ್ಬಳ್ಳಿಯ ರೂಢಿ ಮಕ್ಕಾದ ಸ್ಟೇಷನ್ನಿನಲ್ಲಿ ನಡೆಯಲ್ಲ

ಕರಾವಳಿಯಿಂದ ವ್ಯಾಪಾರಕ್ಕೆ ಬಂದು ಹುಬ್ಬಳ್ಳಿಯಲ್ಲೇ ನೆಲೆಸಿದ ನಮಗೆ ರೈಲು ಹೊಸದಲ್ಲ. ಜಗತ್ತಿನಲ್ಲೇ ಉದ್ದದ, 1,507 ಮೀಟರ್ ಪ್ಲಾಟ್‌ಫಾರ್ಮ್ ಇರುವ ಊರಿನವರು ನಾವು! ಆದರೆ ಉಮ್ಮನನ್ನು ಉಮ್ರಾಕ್ಕೆ ಕರೆದುಕೊಂಡು ಹೋಗಿ, ಮಕ್ಕಾದಿಂದ ಮದೀನಾಕ್ಕೆ ಹರಮೈನ್ ರೈಲು ಹತ್ತಲು ನಿಂತಾಗ ನಾವೂ ಹೊಸಬರೇ.

2018ರಲ್ಲಿ ಶುರುವಾದ ಈ ರೈಲಿನ ದಾರಿ ಸುಮಾರು 450 ಕಿ.ಮೀ., ವೇಗ ಗಂಟೆಗೆ 300 ಕಿ.ಮೀ. ವರೆಗೆ. ಬಸ್ಸಿನಲ್ಲಿ ಐದಾರು ಗಂಟೆ ಹಿಡಿಯುವ ಪ್ರಯಾಣ ಎರಡೂವರೆ ಗಂಟೆಯೊಳಗೆ ಮುಗಿಯುತ್ತದೆ. ಮಂಡಿನೋವಿನ ಹಿರಿಯರಿಗೆ ಇದು ದೊಡ್ಡ ಉಪಕಾರ.

ಇಲ್ಲಾದರೆ ಬೀಳ್ಕೊಡಲು ಬಂದವರೂ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದು ಬೋಗಿಯವರೆಗೆ ಬರುತ್ತಾರೆ. ಸೀಟಿ ಊದಿದ ಮೇಲೂ ಓಡಿ ಹತ್ತುವವರಿದ್ದಾರೆ. ಅಲ್ಲಿ ವಿಮಾನ ನಿಲ್ದಾಣದ ಹಾಗೆ ಬ್ಯಾಗು ತಪಾಸಣೆ ಆಗಬೇಕು, ಗೇಟಿನಲ್ಲಿ ಟಿಕೆಟ್ ತೋರಿಸಬೇಕು. ರೈಲು ಹೊರಡುವ ಮೊದಲೇ ಗೇಟು ಮುಚ್ಚುತ್ತದೆ. ಇದು ತಿಳಿಯದೆ ಕೊನೇ ಗಳಿಗೆಯಲ್ಲಿ ಓಡಿದ ನಮಗೆ ರೈಲು ತಪ್ಪಿತು, ಟಿಕೆಟಿನ ದುಡ್ಡೂ ಹೋಯಿತು. ನಮ್ಮ ಸಪ್ಪೆ ಮುಖ ನೋಡಿ ಉಮ್ಮ, "ಮದೀನಾ ಎಲ್ಲಿಗೂ ಹೋಗಲ್ಲ ಮೋನೆ, ಕೂತ್ಕೋ" ಎಂದರು.

ಹೊಸದಾಗಿ ಹೋಗುವವರು ನೆನಪಿಡಿ: ಮಕ್ಕಾದ ಸ್ಟೇಷನ್ ಇರುವುದು ಹರಮ್ ಪಕ್ಕದಲ್ಲಲ್ಲ, ರುಸೈಫಾದಲ್ಲಿ, ನಡೆದು ಹೋಗುವ ದೂರವಲ್ಲ. ಟಿಕೆಟಿನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಲಿ. ಜಿದ್ದಾ ವಿಮಾನ ನಿಲ್ದಾಣದಲ್ಲೂ ಈ ರೈಲಿನ ಸ್ಟೇಷನ್ ಇದೆ. ಮತ್ತೆ, ಒಂದು ಗಂಟೆ ಮೊದಲೇ ತಲುಪಿ.

ಮುಂದಿನ ರೈಲಿಗೆ ಎಲ್ಲರಿಗಿಂತ ಮೊದಲು ಗೇಟಿನಲ್ಲಿ ನಿಂತದ್ದು ಉಮ್ಮನೇ.