ಓಟ ಕಲಿಸುವ ಕೋಚ್: ನಂಬಿಕೆ ಒಂದು, ನಿಜ ಇನ್ನೊಂದು

ಅಮೆರಿಕದವರು ಫುಟ್‌ಬಾಲ್ ಎನ್ನುವುದು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟವನ್ನು. ಕಾಲೇಜು ತಂಡಗಳ ಪಂದ್ಯವಿರುವ ಶನಿವಾರ ಊರಿಗೆ ಊರೇ ಕ್ರೀಡಾಂಗಣದ ಕಡೆ ಹರಿಯುತ್ತದೆ. ಅಲ್ಲಿ ಓದಲು ಹೋದ ನಮ್ಮ ಮಕ್ಕಳೂ ತಂಡದ ಬಣ್ಣದ ಅಂಗಿ ತೊಟ್ಟು ಕೂಗುತ್ತಾರೆ. ಮುಖ್ಯ ಕೋಚ್ ಹೆಸರು ಎಲ್ಲರಿಗೂ ಗೊತ್ತು. ಚೆಂಡು ಹಿಡಿದು ಓಡುವ ಆಟಗಾರರನ್ನು, ಅಂದರೆ ರನ್ನಿಂಗ್ ಬ್ಯಾಕ್‌ಗಳನ್ನು, ತಯಾರು ಮಾಡುವ ಕೋಚ್ ಬಗ್ಗೆ ಮಾತ್ರ ಅಭಿಮಾನಿಗಳಲ್ಲೂ ಊಹೆಯೇ ಹೆಚ್ಚು.

ನಂಬಿಕೆ: ಓಟ ಹುಟ್ಟಿನಿಂದ ಬರುವುದು, ಕಲಿಸಲು ಏನಿದೆ?

ವೇಗವನ್ನು ಹುಡುಗ ಮನೆಯಿಂದಲೇ ತರುತ್ತಾನೆ, ಅದು ನಿಜ. ಆದರೆ ಕೋಚ್‌ನ ಸಮಯದಲ್ಲಿ ದೊಡ್ಡ ಪಾಲು ಓಟವಲ್ಲದ ಕೆಲಸಕ್ಕೇ ಹೋಗುತ್ತದೆ. ಚೆಂಡು ಎಸೆಯುವ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ಎಸೆಯಲು ಹಿಂದೆ ಸರಿದಾಗ ಎದುರಾಳಿಗಳು ಅವನ ಮೇಲೆ ಮುಗಿಬೀಳುತ್ತಾರೆ. ಯಾರು ಯಾವ ಕಡೆಯಿಂದ ಬರುತ್ತಿದ್ದಾನೆ ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ಗುರುತಿಸಿ ರನ್ನಿಂಗ್ ಬ್ಯಾಕ್ ತನ್ನ ಮೈಯನ್ನೇ ಅಡ್ಡ ಒಡ್ಡಬೇಕು. ಹೈಸ್ಕೂಲಿನಲ್ಲಿ ಸದಾ ಚೆಂಡು ತನ್ನ ಕೈಯಲ್ಲೇ ಇದ್ದ ಹುಡುಗನಿಗೆ ಈ ಕೆಲಸದ ಅಭ್ಯಾಸವೇ ಇರುವುದಿಲ್ಲ. ಇದನ್ನು ಕಲಿಯದವನು ಎಷ್ಟೇ ವೇಗಿಯಾದರೂ ಬೆಂಚಿನ ಮೇಲೆ ಕೂರುತ್ತಾನೆ. ಗುಂಪಿನೊಳಗೆ ನುಗ್ಗುವಾಗ ಚೆಂಡು ಜಾರದಂತೆ ಎರಡೂ ಕೈಯಿಂದ ಅವುಚಿಕೊಳ್ಳುವುದು, ಮುಂದಿನವರು ದಾರಿ ಬಿಡಿಸುವ ತನಕ ಅರೆಕ್ಷಣ ತಡೆದುಕೊಳ್ಳುವುದು, ಇವನ್ನೂ ವಿಡಿಯೋ ಮುಂದೆ ಕೂರಿಸಿ ಮತ್ತೆ ಮತ್ತೆ ತೋರಿಸಿಯೇ ಕಲಿಸಬೇಕು.

ಬರ್ಟನ್ ಬರ್ನ್ಸ್ 2007ರಿಂದ 2017ರವರೆಗೆ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ರನ್ನಿಂಗ್ ಬ್ಯಾಕ್ ಕೋಚ್ ಆಗಿದ್ದರು. ಅದಕ್ಕೂ ಮುಂಚೆ ನ್ಯೂ ಆರ್ಲಿಯನ್ಸ್‌ನಲ್ಲಿ ಹೈಸ್ಕೂಲ್ ಮಕ್ಕಳಿಗೆ ಆಟ ಕಲಿಸಿದವರು. ಡೆರಿಕ್ ಹೆನ್ರಿ ಹೈಸ್ಕೂಲ್ ಓಟದ ರಾಷ್ಟ್ರೀಯ ದಾಖಲೆ ಬೆನ್ನಿಗೆ ಕಟ್ಟಿಕೊಂಡೇ 2013ರಲ್ಲಿ ಅವರ ಕೈಗೆ ಬಂದ. ಆದರೂ ಮೊದಲ ಋತುವಿನಲ್ಲಿ ನಲವತ್ತು ಸಲವೂ ಅವನಿಗೆ ಚೆಂಡು ಸಿಗಲಿಲ್ಲ. 2015ರಲ್ಲಿ ಅದೇ ಹೆನ್ರಿ 395 ಸಲ ಚೆಂಡು ಹೊತ್ತು 2,219 ಗಜ ಓಡಿ, ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ಗೌರವವಾದ ಹೈಸ್‌ಮನ್ ಟ್ರೋಫಿ ಗೆದ್ದ. ನಡುವಿನ ಆ ಎರಡು ವರ್ಷ ಏನು ನಡೆಯಿತೋ ಅದೇ ಕೋಚಿಂಗ್.

ನಂಬಿಕೆ: ದೊಡ್ಡ ಆಟಗಾರನಾಗಿದ್ದವನಿಗೇ ಈ ಹುದ್ದೆ

ಡಿಲ್ಯಾಂಡ್ ಮೆಕಲೊ ಅವರ ಬದುಕು ನೋಡಿ. ಎಳೆಗೂಸಾಗಿದ್ದಾಗಲೇ ದತ್ತು ಹೋಗಿ, ಓಹಿಯೋದ ಉಕ್ಕಿನ ಊರು ಯಂಗ್ಸ್‌ಟೌನ್‌ನಲ್ಲಿ ಬೆಳೆದವರು. ಅದೇ ರಾಜ್ಯದ ಮಯಾಮಿ ವಿಶ್ವವಿದ್ಯಾಲಯಕ್ಕಾಗಿ ಆಡಿ ನಾಲ್ಕು ಸಾವಿರ ಗಜಕ್ಕೂ ಮಿಗಿಲಾಗಿ ಓಡಿದರು. 1996ರಲ್ಲಿ ವೃತ್ತಿಪರ ತಂಡ ಸಿನ್ಸಿನಾಟಿ ಬೆಂಗಾಲ್ಸ್ ಸೇರಿದರೂ ಋತು ಶುರುವಾಗುವ ಮೊದಲೇ ಮೊಣಕಾಲು ಕೈಕೊಟ್ಟಿತು. ಆಮೇಲೆ ಶಾಲೆಯಲ್ಲಿ ಕೆಲಸ, ಹೈಸ್ಕೂಲ್ ಹುಡುಗರಿಗೆ ಕೋಚಿಂಗ್. ಕಾಲೇಜು ಮಟ್ಟದ ಬಾಗಿಲು ತೆರೆಯುವಷ್ಟರಲ್ಲಿ ವಯಸ್ಸು ಮೂವತ್ತೇಳರ ಆಸುಪಾಸು. 2011ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ರನ್ನಿಂಗ್ ಬ್ಯಾಕ್ ಕೋಚ್ ಆದರು. 2014ರಲ್ಲಿ ಅವರ ಶಿಷ್ಯ ಟೆವಿನ್ ಕೋಲ್ಮನ್ 2,036 ಗಜ ಓಡಿದ. ತಂಡ ಮಾತ್ರ 12 ಪಂದ್ಯಗಳಲ್ಲಿ ಎಂಟನ್ನು ಸೋತಿತು. ಈ ಕೋಚ್‌ನ ಕೆಲಸವನ್ನು ತಂಡದ ಸೋಲು ಗೆಲುವಿನಿಂದ ಅಳೆಯುವುದು ಎಷ್ಟು ಅನ್ಯಾಯ ಎನ್ನಲು ಆ ಒಂದು ವರ್ಷ ಸಾಕು.

ಮೆಕಲೊ ಅವರನ್ನು ಮಯಾಮಿಗೆ ಆರಿಸಿ ಕರೆತಂದವರು ಆಗ ಅಲ್ಲಿ ಕೋಚ್ ಆಗಿದ್ದ ಶೆರ್ಮನ್ ಸ್ಮಿತ್. ಮುಂದೆಯೂ ಮೆಕಲೊ ಅವರಿಗೆ ಸ್ಮಿತ್ ಹಿರಿಯಣ್ಣನ ಹಾಗೆ ದಾರಿ ತೋರುತ್ತ ಬಂದರು. ಸ್ಮಿತ್ ಸಿಯಾಟಲ್ ಸೀಹಾಕ್ಸ್ ತಂಡದ ರನ್ನಿಂಗ್ ಬ್ಯಾಕ್ ಕೋಚ್ ಆಗಿದ್ದಾಗ ಮೆಕಲೊ ಅಲ್ಲಿ ಹೋಗಿ ತರಬೇತಿಯನ್ನೂ ಪಡೆದರು. 2017ರಲ್ಲಿ, ಸ್ವತಃ ಮಕ್ಕಳ ತಂದೆಯಾದ ಮೇಲೆ, ಹೆತ್ತ ತಾಯಿಯನ್ನು ಹುಡುಕಿ ತಂದೆ ಯಾರೆಂದು ಕೇಳಿದರು. ಆಕೆ ಹೇಳಿದ ಹೆಸರು ಶೆರ್ಮನ್ ಸ್ಮಿತ್. ಡಿಎನ್‌ಎ ಪರೀಕ್ಷೆಯೂ ಅದನ್ನೇ ಹೇಳಿತು. ಅಲ್ಲಿಯವರೆಗೆ ಇಬ್ಬರಿಗೂ ಇದು ಗೊತ್ತಿರಲಿಲ್ಲ. ಸ್ಮಿತ್ 2014ರಲ್ಲಿ ಸಿಯಾಟಲ್ ಜತೆ ವೃತ್ತಿಪರ ಫುಟ್‌ಬಾಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದಿದ್ದರು. ಮಗ ಅದೇ ಹುದ್ದೆಯಲ್ಲಿದ್ದು 2020ರಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್ ಜತೆ ಗೆದ್ದರು. ತಂದೆಯಿಲ್ಲದೆ ಬೆಳೆದ ಹುಡುಗರು ಕೋಚ್‌ನಲ್ಲಿ ತಂದೆಯನ್ನು ಕಾಣುತ್ತಾರೆ ಎಂಬ ಮಾತು ಈ ಆಟದಲ್ಲಿ ಬಹಳ ಹಳೆಯದು. ಮೆಕಲೊ ಬದುಕಿನಲ್ಲಿ ಅದು ಅಕ್ಷರಶಃ ನಿಜವಾಯಿತು. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ನಂಬಿಕೆ: ವಿಶ್ವವಿದ್ಯಾಲಯದ ನೌಕರಿ, ನಿವೃತ್ತಿಯವರೆಗೆ ನಿಶ್ಚಿಂತೆ

ಪ್ರಾಧ್ಯಾಪಕರ ನೌಕರಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಕರಾರು ಕೆಲವೇ ವರ್ಷಗಳದ್ದು. ಮುಖ್ಯ ಕೋಚ್‌ನನ್ನು ತೆಗೆದರೆ ಅವನ ಕೈಕೆಳಗಿನವರೂ ಗಂಟುಮೂಟೆ ಕಟ್ಟಬೇಕಾಗುತ್ತದೆ, ತಮ್ಮ ಹುಡುಗರು ಎಷ್ಟೇ ಚೆನ್ನಾಗಿ ಓಡಿರಲಿ. ಮೆಕಲೊ ಇಂಡಿಯಾನಾದಿಂದ ಸದರ್ನ್ ಕ್ಯಾಲಿಫೋರ್ನಿಯಾ, ಕ್ಯಾನ್ಸಸ್ ಸಿಟಿ, ಮತ್ತೆ ಇಂಡಿಯಾನಾ, ನೋಟರ್ ಡೇಮ್, 2025ರಲ್ಲಿ ಲಾಸ್ ವೇಗಸ್ ರೈಡರ್ಸ್ ಎಂದು ಊರೂರು ಸುತ್ತಿದ್ದಾರೆ. ಪ್ರತಿ ಸಲವೂ ಮಕ್ಕಳ ಶಾಲೆ, ಮನೆ, ನೆರೆಹೊರೆ ಎಲ್ಲ ಹೊಸದು.

ರನ್ನಿಂಗ್ ಬ್ಯಾಕ್ ಕೋಚ್ ಟೋನಿ ಆಲ್ಫರ್ಡ್ 2015ರಿಂದ ಓಹಿಯೋ ಸ್ಟೇಟ್‌ನಲ್ಲಿದ್ದು, 2024ರ ಮಾರ್ಚ್‌ನಲ್ಲಿ ಅದರ ಬದ್ಧ ಎದುರಾಳಿ ಮಿಷಿಗನ್‌ಗೆ ಹೋದರು. ಅಭಿಮಾನಿಗಳು ಕೆಂಡವಾದರು. ಅದೇ ನವೆಂಬರ್‌ನಲ್ಲಿ ಮಿಷಿಗನ್ ಎದುರಾಳಿಯ ಅಂಗಳದಲ್ಲೇ 13-10ರಿಂದ ಗೆದ್ದಿತು. ಅವರ ರನ್ನಿಂಗ್ ಬ್ಯಾಕ್ ಕಲೆಲ್ ಮಲ್ಲಿಂಗ್ಸ್ ಆ ದಿನ 116 ಗಜ ಓಡಿದ. ಆದರೆ ಋತುವಿನ ಕೊನೆಗೆ ರಾಷ್ಟ್ರೀಯ ಕಿರೀಟ ತೊಟ್ಟದ್ದು ಓಹಿಯೋ ಸ್ಟೇಟ್. ಆಲ್ಫರ್ಡ್ ತಾವೇ ಆರಿಸಿ ತಂದು ಬೆಳೆಸಿದ್ದ ಟ್ರೆವಿಯಾನ್ ಹೆಂಡರ್ಸನ್ ಆ ತಂಡದಲ್ಲಿದ್ದ, ಅವರಿರಲಿಲ್ಲ. ಇದನ್ನು ದ್ರೋಹ ಎನ್ನುವವರು, ತಂಡಗಳು ಸಹಾಯಕ ಕೋಚ್‌ಗಳನ್ನು ರಾತ್ರೋರಾತ್ರಿ ಕೈಬಿಡುವಾಗ ಅದೇ ಮಾತು ಆಡುವುದಿಲ್ಲ.

ನಂಬಿಕೆ: ಋತು ಮುಗಿದರೆ ಬಿಡುವು

ಬಿಡುವೆಂಬುದೇ ಇಲ್ಲ. ಹೊಸ ಹುಡುಗರ ಮನೆಗೆ ಹೋಗಿ ತಂದೆತಾಯಿ, ಅಜ್ಜಿಯರ ಮುಂದೆ ಕೂತು ಒಪ್ಪಿಸಬೇಕು. 2018ರಲ್ಲಿ ಬಂದ ಟ್ರಾನ್ಸ್‌ಫರ್ ಪೋರ್ಟಲ್ ಆಟಗಾರರಿಗೆ ಕಾಲೇಜು ಬದಲಿಸುವುದನ್ನು ಸುಲಭ ಮಾಡಿದೆ. 2021ರಿಂದ ತಮ್ಮ ಹೆಸರಿನಿಂದ ಹಣ ಗಳಿಸಲೂ ಅವರಿಗೆ ಅವಕಾಶವಿದೆ. ಹೀಗಾಗಿ ಈಗಾಗಲೇ ತಂಡದಲ್ಲಿರುವ ಹುಡುಗನನ್ನೂ ಪ್ರತಿ ವರ್ಷ ಹೊಸದಾಗಿ ಒಲಿಸಿ ಉಳಿಸಿಕೊಳ್ಳಬೇಕು.

ನಂಬಿಕೆ: ಇವರಿಗೆ ಮುಖ್ಯ ಕೋಚ್ ಆಗುವ ಶಕ್ತಿಯಿಲ್ಲ

ಶಕ್ತಿಯಿಲ್ಲವೆಂದಲ್ಲ, ಅವಕಾಶ ಕಡಿಮೆ. ಮುಖ್ಯ ಕೋಚ್ ಬೇಕಾದಾಗ ವಿಶ್ವವಿದ್ಯಾಲಯಗಳು ಮೊದಲು ನೋಡುವುದು ಇಡೀ ತಂಡದ ಆಕ್ರಮಣ ಅಥವಾ ರಕ್ಷಣೆಯ ತಂತ್ರ ಹೆಣೆಯುವವರ ಕಡೆ. ಕಪ್ಪು ಜನಾಂಗದ ಅನೇಕ ಕೋಚ್‌ಗಳು ರನ್ನಿಂಗ್ ಬ್ಯಾಕ್‌ಗಳ ಕೊಠಡಿಯಲ್ಲೇ ಉಳಿದುಹೋಗುವುದು ಬಹುಕಾಲದ ದೂರು, ನ್ಯಾಯವಾದ ದೂರು. ಆಬರ್ನ್ ತಂಡವನ್ನು ಮುನ್ನಡೆಸಿದ ಮೊದಲ ಕಪ್ಪು ವ್ಯಕ್ತಿ ಅಲ್ಲಿನ ರನ್ನಿಂಗ್ ಬ್ಯಾಕ್ ಕೋಚ್ ಕಾರ್ನೆಲ್ ವಿಲಿಯಮ್ಸ್. ಅದೂ 2022ರಲ್ಲಿ, ಮುಖ್ಯ ಕೋಚ್‌ನನ್ನು ನಡುವೆಯೇ ತೆಗೆದಾಗ, ಹಂಗಾಮಿಯಾಗಿ ನಾಲ್ಕು ಪಂದ್ಯಕ್ಕೆ ಮಾತ್ರ. ವಿಸ್ಕಾನ್ಸಿನ್, ಮಿನೆಸೋಟಾಗಳಲ್ಲಿ ರನ್ನಿಂಗ್ ಬ್ಯಾಕ್‌ಗಳನ್ನು ಬೆಳೆಸಿದ ಥಾಮಸ್ ಹ್ಯಾಮಕ್ ಅವರಿಗೆ 2019ರಲ್ಲಿ ತಾವೇ ಓದಿ ಆಡಿದ ನಾರ್ದರ್ನ್ ಇಲಿನಾಯ್ ಪೂರ್ತಿ ಹೊಣೆ ಕೊಟ್ಟಿತು. 2024ರ ಸೆಪ್ಟೆಂಬರ್ 7ರಂದು ಆ ಪುಟ್ಟ ತಂಡ ದೇಶದಲ್ಲೇ ಐದನೇ ಸ್ಥಾನದಲ್ಲಿದ್ದ ನೋಟರ್ ಡೇಮನ್ನು ಅದರ ಅಂಗಳದಲ್ಲೇ 16-14ರಿಂದ ಸೋಲಿಸಿತು. ಮೊದಲ ಹತ್ತು ಸ್ಥಾನಗಳಲ್ಲಿರುವ ತಂಡವೊಂದನ್ನು ನಾರ್ದರ್ನ್ ಇಲಿನಾಯ್ ಸೋಲಿಸಿದ್ದು ಅದೇ ಮೊದಲು.