ಬ್ಯಾಗಿನಲ್ಲಿ ಬರುವ ತಿಗಣೆ

ಬೇಸಿಗೆ ರಜೆ ಮುಗಿಯುತ್ತಾ ಬಂದಿದೆ. ಊರಿಗೆ, ಮದುವೆಗೆ, ಪ್ರವಾಸಕ್ಕೆ ಹೋದವರೆಲ್ಲ ಪೀಣ್ಯಕ್ಕೆ ವಾಪಸಾಗುತ್ತಿದ್ದಾರೆ. ಬೆಳಗಿನ ಜಾವ ಗೊರಗುಂಟೆಪಾಳ್ಯ, ಜಾಲಹಳ್ಳಿ ಕ್ರಾಸ್‌ನಲ್ಲಿ ಬಸ್ಸಿನಿಂದ ಇಳಿಯುವ ಬ್ಯಾಗುಗಳಲ್ಲಿ ಟಿಕೆಟ್ ಇಲ್ಲದ ಒಬ್ಬ ಪ್ರಯಾಣಿಕನೂ ಇರಬಹುದು. ಕನ್ನಡದಲ್ಲಿ ಅದರ ಹೆಸರು ತಿಗಣೆ, ನಮ್ಮ ಮನೆಮಾತಿನಲ್ಲಿ ಖಟ್ಮಲ್.

ತಿಗಣೆ ಹಾರುವುದಿಲ್ಲ, ಜಿಗಿಯುವುದೂ ಇಲ್ಲ. ಊರಿಂದ ಊರಿಗೆ ಹೋಗಲು ಅದಕ್ಕೆ ನಮ್ಮ ಬಟ್ಟೆ, ಹಾಸಿಗೆ, ಬ್ಯಾಗುಗಳೇ ವಾಹನ. ಬೆಳೆದ ತಿಗಣೆ ಸುಮಾರು 5 ಮಿಲಿಮೀಟರ್ ಉದ್ದ, ಅಂದರೆ ಸೇಬಿನ ಬೀಜದಷ್ಟು. ಮೊಟ್ಟೆ 1 ಮಿಲಿಮೀಟರ್ ಮಾತ್ರ. ಒಂದು ಹೆಣ್ಣು ತನ್ನ ಜೀವಮಾನದಲ್ಲಿ ನೂರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಅವು ಒಂದೆರಡು ವಾರದಲ್ಲಿ ಒಡೆದು ಮರಿಯಾಗುತ್ತವೆ. ವಾಣಿಜ್ಯ ವಿಭಾಗದವರಿಗೆ ಇದು ಬೇಗ ಅರ್ಥವಾಗುತ್ತದೆ: ಇದು ಚಕ್ರಬಡ್ಡಿಯ ಲೆಕ್ಕ. ಮೊದಲ ದಿನವೇ ತಡೆದರೆ ಖರ್ಚು ಒಂದು ಬಕೆಟ್ ಬಿಸಿನೀರು. ಎರಡು ತಿಂಗಳು ಬಿಟ್ಟರೆ ಹಾಸಿಗೆ, ಮಂಚ, ನಿದ್ದೆ ಎಲ್ಲವೂ ಹೋಗುತ್ತದೆ.

ಕೊಳಕು ಮನೆಯಲ್ಲಿ ಮಾತ್ರ ತಿಗಣೆ ಇರುತ್ತದೆ ಎಂಬ ಮಾತು ಸರಿಯಲ್ಲ. ಅದಕ್ಕೆ ಬೇಕಾದದ್ದು ಕಸವಲ್ಲ, ರಕ್ತ. 2023ರಲ್ಲಿ ಪ್ಯಾರಿಸ್ ನಗರವೇ ತಿಗಣೆಯಿಂದ ಸುದ್ದಿಯಾಗಿತ್ತು. ತಿಗಣೆ ಕಚ್ಚಿದರೆ ರೋಗ ಹರಡುವುದು ಸಾಬೀತಾಗಿಲ್ಲ. ಆದರೆ ತುರಿಕೆ, ನಿದ್ದೆಗೇಡು ತಪ್ಪಿದ್ದಲ್ಲ.

ಹಾಗಾದರೆ ಏನು ಮಾಡಬೇಕು? ಲಾಡ್ಜ್‌ನಲ್ಲಿ ಉಳಿದಾಗ ಬ್ಯಾಗನ್ನು ಹಾಸಿಗೆಯ ಮೇಲಾಗಲಿ ಮಂಚದ ಕೆಳಗಾಗಲಿ ಇಡಬೇಡಿ. ಮೊಬೈಲ್ ಟಾರ್ಚ್ ಹಾಕಿ ಹಾಸಿಗೆಯ ಹೊಲಿಗೆ, ಮಂಚದ ಸಂದು ನೋಡಿ. ಶಾಯಿ ಚುಕ್ಕೆಯಂಥ ಕಪ್ಪು ಕಲೆ, ಕಳಚಿದ ಪೊರೆ ಕಂಡರೆ ಬೇರೆ ರೂಮು ಕೇಳಿ. ಸ್ಲೀಪರ್ ಬಸ್ಸಿನಲ್ಲಿಯೂ ಇದೇ ರೀತಿ ಒಮ್ಮೆ ನೋಡಿಕೊಳ್ಳಿ.

ಮನೆಗೆ ಬಂದ ಮೇಲೆ ಬ್ಯಾಗನ್ನು ಮಂಚದ ಮೇಲೆ ಬಿಚ್ಚದೆ ಬಚ್ಚಲುಮನೆಯಲ್ಲೋ ಮಹಡಿಯ ಮೇಲೋ ಬಿಚ್ಚಿ. ಹಾಕಿದ ಬಟ್ಟೆ, ಹಾಕದ ಬಟ್ಟೆ ಎರಡನ್ನೂ 60 ಡಿಗ್ರಿಯಷ್ಟು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಒಗೆಯಿರಿ. ಈ ಶಾಖಕ್ಕೆ ಮೊಟ್ಟೆಯೂ ಉಳಿಯುವುದಿಲ್ಲ. ನೆನೆಸಲಾಗದ ಶೇರ್ವಾನಿಯಂಥ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಲಾಂಡ್ರಿಗೆ ಕೊಡಿ, ವಿಷಯವನ್ನೂ ಹೇಳಿ. ಬ್ಯಾಗಿನ ಜಿಪ್ಪು, ಹೊಲಿಗೆ, ಚಕ್ರಗಳನ್ನು ಬ್ರಷ್‌ನಿಂದ ಉಜ್ಜಿ. ಬಿಸಿಲಿಗೆ ಹಾಕುವುದು ಒಳ್ಳೆಯದೇ. ಆದರೆ ಒಳ ಮಡಿಕೆಗೆ ಶಾಖ ತಲುಪದಿದ್ದರೆ ತಿಗಣೆ ಸಾಯುವುದಿಲ್ಲ. ಮಂಚದ ಸಂದಿನಲ್ಲಿ ಕಂಡರೆ ಮಂಚವನ್ನು ಹೊರಗೆ ತಂದು ಕುದಿಯುವ ನೀರು ಸುರಿಯುವ ಹಳೆಯ ಪದ್ಧತಿ ಈಗಲೂ ಕೆಲಸ ಮಾಡುತ್ತದೆ. ಮಕ್ಕಳನ್ನು ಮಾತ್ರ ದೂರ ಇಡಿ.

ಔಷಧಿ ಹೊಡೆಯಲು ಅವಸರ ಮಾಡಬೇಡಿ. 2022ರಲ್ಲಿ ಬೆಂಗಳೂರಿನ ವಸಂತನಗರದಲ್ಲಿ ಊರಿನಿಂದ ಮರಳಿದ ಒಂದು ಕುಟುಂಬ ಕೀಟನಾಶಕ ಸಿಂಪಡಿಸಿದ್ದ ಮನೆಯಲ್ಲಿ ಮಲಗಿ ಅಸ್ವಸ್ಥವಾಯಿತು. ಎಂಟು ವರ್ಷದ ಹೆಣ್ಣುಮಗು ತೀರಿಹೋಯಿತು. ಧಾನ್ಯದ ಮೂಟೆಗೆ ಇಡುವ ಮಾತ್ರೆ ಇನ್ನೂ ಅಪಾಯಕಾರಿ, ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಬರುತ್ತದೆ. ಅದನ್ನು ಮನೆಯೊಳಗೆ ಯಾವ ಕಾರಣಕ್ಕೂ ಇಡಬಾರದು. ಔಷಧಿ ಅಗತ್ಯವಾದರೆ ತರಬೇತಿ ಪಡೆದವರಿಂದಲೇ ಹೊಡೆಸಿ. ಯಾವ ಔಷಧಿ, ಎಷ್ಟು ಹೊತ್ತು ಹೊರಗಿರಬೇಕು ಎಂದು ಕೇಳಿಕೊಳ್ಳಿ. ಕಿಟಕಿ ತೆರೆದು ಚೆನ್ನಾಗಿ ಗಾಳಿಯಾಡಿದ ಮೇಲೆಯೇ ಒಳಗೆ ಮಲಗಿ.

ಕೊನೆಯದಾಗಿ ಒಂದು ಮಾತು. ನಮ್ಮ ಕಡೆ ಸಾಲುಮನೆ, ಪಿಜಿ, ಬ್ಯಾಚುಲರ್ ರೂಮುಗಳೇ ಹೆಚ್ಚು. ಗೋಡೆಯ ಬಿರುಕು, ವೈರಿನ ಪೈಪುಗಳ ಮೂಲಕ ತಿಗಣೆ ಪಕ್ಕದ ಮನೆಗೂ ಹೋಗುತ್ತದೆ. ನಾಚಿಕೆಯಿಂದ ಮುಚ್ಚಿಟ್ಟರೆ ಒಬ್ಬರ ಕಷ್ಟ ಹತ್ತು ಜನರದ್ದಾಗುತ್ತದೆ. ಕಂಡ ದಿನವೇ ಮನೆ ಓನರ್‌ಗೆ, ಅಕ್ಕಪಕ್ಕದವರಿಗೆ, ಹಾಸ್ಟೆಲ್‌ನಲ್ಲಿದ್ದರೆ ವಾರ್ಡನ್‌ಗೆ ತಿಳಿಸಿ. ಹಾಗೆ ಬಂದು ಹೇಳಿದ ಗೆಳೆಯನನ್ನೋ ಗೆಳತಿಯನ್ನೋ ದಯವಿಟ್ಟು ಗೇಲಿ ಮಾಡಬೇಡಿ.